ಮಠದ ಬಿಯರಿನಲ್ಲಿ ಬಾಳೆಯ ಪರಿಮಳ

ನಂಜನಗೂಡು ಎಂದೊಡನೆ ಹಳಬರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು ಶ್ರೀಕಂಠೇಶ್ವರನ ದೇವಾಲಯ, ಇನ್ನೊಂದು ರಸಬಾಳೆ. ತೆಳುವಾದ ಸಿಪ್ಪೆ, ಮೆತ್ತನೆಯ ತಿರುಳು, ಸಿಹಿಯೊಳಗೆ ಸುಳಿಯುವ ತುಸು ಹುಳಿ, ಎಲ್ಲಕ್ಕೂ ಮಿಗಿಲಾಗಿ ಮನೆಯೆಲ್ಲ ಹರಡುವ ಪರಿಮಳ ಈ ಹಣ್ಣಿನ ಹೆಗ್ಗಳಿಕೆ. ಸಾವಿರಾರು ಕಿಲೋಮೀಟರ್ ಆಚೆಯ ಬೆಲ್ಜಿಯಂ ದೇಶದಲ್ಲಿ ಬಾಳೆ ಬೆಳೆಯುವುದಿಲ್ಲ. ಆದರೂ ಅಲ್ಲಿನ ಕ್ರೈಸ್ತ ಮಠಗಳ ಕಡುವಾದ ಬಿಯರನ್ನು ಸವಿದು ಅಂಕ ಕೊಡುವ ಪರೀಕ್ಷಕರು ತಮ್ಮ ಟಿಪ್ಪಣಿಯಲ್ಲಿ ‘ಮಾಗಿದ ಬಾಳೆಹಣ್ಣು’ ಎಂದು ಮತ್ತೆ ಮತ್ತೆ ಬರೆಯುತ್ತಾರೆ. ಹಣ್ಣೇ ಇಲ್ಲದ ಪಾನೀಯದಲ್ಲಿ ಹಣ್ಣಿನ ವಾಸನೆ ಎಲ್ಲಿಂದ ಬಂತು? ಆ ಪಾನೀಯದ ಹೆಸರನ್ನು ಅಲ್ಲಿನವರು ಕಾಪಾಡಿಕೊಂಡು ಬಂದ ಕಥೆ ನಂಜನಗೂಡಿಗೆ ಏಕೆ ಮುಖ್ಯ?

ಕನ್ನಡದಲ್ಲಿ ‘ಅಬ್ಬೆ’ ಎಂದರೆ ತಾಯಿ. ಐರೋಪ್ಯ ಭಾಷೆಗಳ ‘ಅಬ್ಬೆ’ಯಾದರೋ ತಂದೆ ಎಂಬ ಅರ್ಥದ ‘ಅಬ್ಬ’ ಎಂಬ ಅರಮೇಯಿಕ್ ಪದದಿಂದ ಹುಟ್ಟಿದ್ದು. ಹಿರಿಯ ಗುರುವಿನ ಅಧೀನದಲ್ಲಿರುವ ಮಠ ಎಂದು ಅದರ ಅರ್ಥ. 6ನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಅನುಯಾಯಿಗಳಿಗೆ, ಸನ್ಯಾಸಿಗಳಾದವರು ತಮ್ಮ ಕೈದುಡಿಮೆಯಿಂದಲೇ ಬದುಕಬೇಕೆಂದು ವಿಧಿಸಿದ. ನಮ್ಮ ಶರಣರ ಕಾಯಕತತ್ವವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ದ್ರಾಕ್ಷಿ ಬೆಳೆಯುವ ನಾಡಿನ ಮಠಗಳು ವೈನ್ ತಯಾರಿಸಿದವು. ಬಾರ್ಲಿ ಬೆಳೆಯುವ ಉತ್ತರದ ಮಠಗಳು ಬಿಯರ್ ಕುದಿಸಿದವು.

ಬೆನೆಡಿಕ್ಟನ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಲಾ ಟ್ರಾಪ್ ಮಠದಲ್ಲಿ ಸುಧಾರಣೆ ನಡೆಯಿತು. ಆ ಪಂಥದವರೇ ಟ್ರಾಪಿಸ್ಟರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಊರು ಬಿಟ್ಟ ಕೆಲವರು ಇಂದಿನ ಬೆಲ್ಜಿಯಂನ ವೆಸ್ಟ್‌ಮಲ್ಲೆಯಲ್ಲಿ ನೆಲೆಸಿದರು. 1836ರಲ್ಲಿ ಅಲ್ಲಿನ ಮಠದಲ್ಲಿ ಬಿಯರ್ ತಯಾರಿಕೆ ಆರಂಭವಾಯಿತು. ಅದು ಮೊದಲು ಊಟದ ಜತೆಗಿನ ಪಾನೀಯವಷ್ಟೇ ಆಗಿತ್ತು. 1862ರಲ್ಲಿ ಶಿಮೇ ಮಠವೂ ಈ ಹಾದಿ ಹಿಡಿಯಿತು.

ಮಠದ ಬಿಯರ್ ಇಷ್ಟು ಕಡುವಾಗಲು ಒಂದು ಮದ್ಯನಿಯಂತ್ರಣ ಕಾನೂನೂ ಕಾರಣವೆಂಬುದು ಸ್ವಾರಸ್ಯದ ಸಂಗತಿ. 1919ರಲ್ಲಿ ಬೆಲ್ಜಿಯಂ ಸರ್ಕಾರ ಹೋಟೆಲು, ಪಾನಗೃಹಗಳಲ್ಲಿ ಬಟ್ಟಿ ಇಳಿಸಿದ ಮದ್ಯದ ಮಾರಾಟವನ್ನು ನಿಷೇಧಿಸಿತು. ಜಿನ್‌ನಂಥ ಪಾನೀಯ ಸಿಗದಾದಾಗ ಜನ ಕಡುವಾದ ಬಿಯರಿನತ್ತ ತಿರುಗಿದರು. 1934ರಲ್ಲಿ ವೆಸ್ಟ್‌ಮಲ್ಲೆ ಹೊರತಂದ ಹೊಂಬಣ್ಣದ ಬಿಯರ್ ಮುಂದೆ ‘ಟ್ರಿಪೆಲ್’ ಎಂದು ಹೆಸರಾಗಿ, ಲೋಕದ ಎಲ್ಲ ಅನುಕರಣೆಗಳಿಗೂ ಮೇಲ್ಪಂಕ್ತಿಯಾಯಿತು. ಅದರಲ್ಲಿರುವ ಮದ್ಯಸಾರ ಶೇ 9.5. ಕಂದುಬಣ್ಣದ ‘ಡುಬೆಲ್’ನಲ್ಲಿ ಶೇ 7.

ಇಷ್ಟು ಮದ್ಯಸಾರವಿದ್ದರೂ ನಾಲಿಗೆಗೆ ಅದು ಪಾಕದಂತೆ ಭಾರವಾಗುವುದಿಲ್ಲ. ಇದರ ಗುಟ್ಟು ಸಕ್ಕರೆಯಲ್ಲಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸದಲ್ಲಿ ಯೀಸ್ಟ್ ಅರಗಿಸಿಕೊಳ್ಳಲಾರದ ಅಂಶ ಒಂದಿಷ್ಟು ಉಳಿದುಬಿಡುತ್ತದೆ. ಸಕ್ಕರೆ ಹಾಗಲ್ಲ; ಅದು ಪೂರ್ತಿ ಹುದುಗಿ ಮದ್ಯಸಾರವೂ ಅನಿಲವೂ ಆಗುತ್ತದೆ. ಬೆಲ್ಜಿಯಂನವರು ಬಳಸುವುದು ಹೆಚ್ಚಾಗಿ ಬೀಟ್‌ಗೆಡ್ಡೆಯ ಸಕ್ಕರೆ. ಅದನ್ನು ಕಪ್ಪಾಗುವಂತೆ ಕಾಯಿಸಿ ಹಾಕಿದರೆ ಬಿಯರಿಗೆ ಒಣದ್ರಾಕ್ಷಿ, ಸುಟ್ಟ ಸಕ್ಕರೆಗಳ ಛಾಯೆ ಬರುತ್ತದೆ. ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವವರೆಗಿನ ಸೀಮೆ ಕಬ್ಬಿನ ಸೀಮೆ. ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ಹದಕ್ಕೆ ಬರುವ ಘಮವನ್ನು ಬಲ್ಲ ಇಲ್ಲಿನ ರೈತನಿಗೆ, ಆ ಕಂದು ಬಿಯರಿನ ವರ್ಣನೆ ಅರ್ಥವಾಗಲು ಬೆಲ್ಜಿಯಂಗೆ ಹೋಗಬೇಕಾಗಿಲ್ಲ.

ಇನ್ನು ಬಾಳೆಯ ವಾಸನೆ. ಬಾಳೆಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕ. ಕಾಯಿ ಮಾಗುವಾಗ ಲ್ಯೂಸಿನ್ ಎಂಬ ಅಮೈನೊ ಆಮ್ಲದಿಂದ ಅದು ಹುಟ್ಟುತ್ತದೆ. ಹುದುಗುವ ಬಾರ್ಲಿ ರಸದಲ್ಲಿ ಯೀಸ್ಟ್ ಕೂಡ ಇದೇ ವಸ್ತುವನ್ನು ತಯಾರಿಸುತ್ತದೆ. ಸಾಮಾನ್ಯ ಲಾಗರ್ ಬಿಯರ್ ತಂಪಿನಲ್ಲಿ ನಿಧಾನವಾಗಿ ಹುದುಗುವುದರಿಂದ ಅದರಲ್ಲಿ ಈ ವಾಸನೆ ಗೋಚರವಾಗದಷ್ಟು ಕಡಿಮೆ. ಮಠದ ‘ಏಲ್’ ಬಗೆಯ ಬಿಯರ್ ಬೆಚ್ಚನೆಯ ವಾತಾವರಣದಲ್ಲಿ ಹುದುಗುತ್ತದೆ. ಬಿಸಿ ಹೆಚ್ಚಿದಂತೆ ಹಣ್ಣಿನ ಪರಿಮಳವೂ ಹೆಚ್ಚುತ್ತದೆ. ಬೆಲ್ಜಿಯಂನ ಯೀಸ್ಟ್ ತಳಿಗಳು ಇದರ ಜತೆಗೆ ಲವಂಗವನ್ನು ಹೋಲುವ ವಾಸನೆಯನ್ನೂ ಕೊಡುತ್ತವೆ. ಒಂದೊಂದು ಮಠವೂ ತನ್ನ ಯೀಸ್ಟನ್ನು ನಮ್ಮ ಮನೆಗಳ ಹೆಪ್ಪಿನಂತೆ ಜೋಪಾನ ಮಾಡುವುದು ಇದಕ್ಕಾಗಿಯೇ. ಶಿಮೇ ಮಠದ ಫಾದರ್ ಥಿಯೋಡೋರ್ ಎರಡನೆಯ ಮಹಾಯುದ್ಧದ ತರುವಾಯ ತಮ್ಮ ಮಠದ ಯೀಸ್ಟನ್ನು ಬೇರ್ಪಡಿಸಿ ಶುದ್ಧಗೊಳಿಸಿದ್ದು ಈ ಇತಿಹಾಸದ ಒಂದು ಮೈಲಿಗಲ್ಲು.

ಇಂಥ ಪಾನೀಯಕ್ಕೆ ಅಂಕ ಕೊಡುವ ಕ್ರಮವೂ ಶಾಸ್ತ್ರೀಯವಾಗಿದೆ. ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಪರೀಕ್ಷಾ ವ್ಯವಸ್ಥೆಯ ಅಂಕಪಟ್ಟಿಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಅಮಲಿಗೆ ಒಂದು ಅಂಕವೂ ಇಲ್ಲ! ಬದಲಿಗೆ, ಮದ್ಯಸಾರ ಗಂಟಲನ್ನು ಸುಡುವಂತಿದ್ದರೆ ಅದು ದೋಷ. ಬಾಯಗಲದ ಲೋಟಕ್ಕೆ ಸುರಿದು, ಮೊದಲು ಬಣ್ಣ ಮತ್ತು ನೊರೆಯನ್ನು ನೋಡಿ, ಬಳಿಕ ಮೂಸಿ, ಕೊನೆಗೆ ಗುಟುಕು ಸವಿಯುತ್ತಾರೆ. ಮಂಜುಗಡ್ಡೆಯಷ್ಟು ತಣ್ಣಗಿದ್ದರೆ ವಾಸನೆ ಅಡಗಿಹೋಗುತ್ತದೆಯಾದ್ದರಿಂದ ತುಸುವೇ ತಂಪಿರಬೇಕು. ನಾಲ್ಕಾರು ಗುಟುಕಿಗೆ ಪರೀಕ್ಷೆ ಮುಗಿಯುತ್ತದೆ, ಮುಗಿಯಲೇಬೇಕು. ಶೇ 9.5ರ 330 ಮಿಲಿಲೀಟರಿನ ಪುಟ್ಟ ಬಾಟಲಿಯಲ್ಲಿರುವ ಮದ್ಯಸಾರ, ಶೇ 5ರ ನಮ್ಮ 650 ಮಿಲಿಲೀಟರಿನ ದೊಡ್ಡ ಬಾಟಲಿಯಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ.

ನಮ್ಮಲ್ಲಿ ‘ಸ್ಟ್ರಾಂಗ್’ ಎಂಬ ಮಾತಿನ ಅರ್ಥವೇ ಬೇರೆ. ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಶೇ 5ನ್ನು ಮೀರಿ ಶೇ 8ರವರೆಗೆ ಮದ್ಯಸಾರವಿದ್ದರೆ ಅದು ಸ್ಟ್ರಾಂಗ್ ಬಿಯರ್. ಭಾರತದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಇದೇ. ಕೊಳ್ಳುವವನು ಕೇಳುವುದು ಕಿಕ್ಕನ್ನು, ಪರಿಮಳವನ್ನಲ್ಲ. ನಂಜನಗೂಡಿನಲ್ಲೂ ಬಿಯರ್ ಕಾರ್ಖಾನೆಯಿದೆ. ಅದು ಸ್ಕಾಟ್‌ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್‌ಗೆ ಸೇರಿದ್ದು. 2021ರಲ್ಲಿ ಆ ಕಂಪನಿಯ ಹಿಡಿತ ಡಚ್ಚರ ಹೈನೆಕೆನ್ ಸಂಸ್ಥೆಗೆ ದಕ್ಕಿತು. ಬೆಲ್ಜಿಯಂನ ಅಫ್ಲಿಗೆಮ್ ಮಠದ ಹೆಸರಿನ ಬಿಯರ್ ತಯಾರಿಸುವುದೂ ಇದೇ ಹೈನೆಕೆನ್!

ಮಠದ ಹೆಸರು ಕಂಪನಿಯ ಬಾಟಲಿಗೆ ಬಂದದ್ದು ಹೇಗೆ? 1952ರಲ್ಲಿ ಲೆಫ್ ಎಂಬ ಮಠ ಹೊರಗಿನ ಬಿಯರ್ ತಯಾರಕನೊಬ್ಬನಿಗೆ ಸಂಭಾವನೆಯ ಒಪ್ಪಂದದ ಮೇಲೆ ತನ್ನ ಹೆಸರು ಬಳಸಲು ಅನುಮತಿ ನೀಡಿತು. ಇತರ ಮಠಗಳೂ ಇದನ್ನು ಅನುಸರಿಸಿದವು. ಇವು ‘ಅಬ್ಬೆ ಬಿಯರ್’ಗಳು. ಟ್ರಾಪಿಸ್ಟರು ಮಾತ್ರ ನ್ಯಾಯಾಲಯಕ್ಕೆ ಹೋದರು. ‘ಟ್ರಾಪಿಸ್ಟ್’ ಎಂಬುದು ಒಂದು ರುಚಿಯ ಹೆಸರಲ್ಲ, ಮೂಲದ ಹೆಸರು ಎಂದು 1962ರಲ್ಲಿ ಗೆಂಟ್ ನಗರದ ನ್ಯಾಯಾಲಯ ತೀರ್ಪಿತ್ತಿತು. ಮಠದ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು. ಲಾಭ ಮಠದ ನಿರ್ವಹಣೆಗೂ ದಾನಧರ್ಮಕ್ಕೂ ಹೋಗಬೇಕು. ಅಂಥದಕ್ಕೆ ಮಾತ್ರ ಷಟ್ಕೋನದ ಅಧಿಕೃತ ಮುದ್ರೆ. ಆಕೆಲ್ ಎಂಬ ಮಠದಲ್ಲಿ ಸನ್ಯಾಸಿಗಳೇ ಉಳಿಯದೆ ಹೋದಾಗ, 2021ರಲ್ಲಿ ಅದರ ಬಿಯರ್ ಈ ಮುದ್ರೆಯನ್ನು ಕಳೆದುಕೊಂಡಿತು. ರುಚಿಯಲ್ಲಿ ಕುಂದೇನೂ ಬಂದಿರಲಿಲ್ಲ. ಹೆಸರಿನ ಹಿಂದಿನ ಜನ ಇರಲಿಲ್ಲ, ಅಷ್ಟೇ.

ನಂಜನಗೂಡಿನ ರಸಬಾಳೆಗೂ ಇಂಥ ಮುದ್ರೆಯಿದೆ. 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಆದರೆ ಇಲ್ಲಿನ ಸಂಕಟ ಆಕೆಲ್‌ನದಕ್ಕೆ ತದ್ವಿರುದ್ಧ. ಇಲ್ಲಿ ಮುದ್ರೆ ಉಳಿದಿದೆ, ಹಣ್ಣು ಅಪರೂಪವಾಗಿದೆ. ಪನಾಮ ಸೊರಗು ರೋಗದ ಶಿಲೀಂಧ್ರ ಬೇರಿನಿಂದ ಏರಿ ಗಿಡದ ನೀರಿನ ದಾರಿಯನ್ನು ಮುಚ್ಚುತ್ತದೆ. ಎಲೆ ಹಳದಿಗಟ್ಟಿ ಜೋಲುಬಿದ್ದು ಬಾಳೆ ಸಾಯುತ್ತದೆ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರಬಲ್ಲದು. ಹೀಗಾಗಿ ರೋಗರಹಿತ ಅಂಗಾಂಶ ಕೃಷಿಯ ಸಸಿ ತಂದು ನೆಟ್ಟರೂ ಸೋಂಕಿನ ನೆಲದಲ್ಲಿ ಅದು ಉಳಿಯುವ ಖಾತರಿಯಿಲ್ಲ. ರೈತರು ಬೇರೆ ತಳಿಗಳತ್ತ ತಿರುಗಿದ್ದು ಸಹಜವೇ.

ಬಿಯರಿನ ಪರೀಕ್ಷಕ ‘ಬಾಳೆಹಣ್ಣು’ ಎಂದು ಬರೆಯುವುದು ತನ್ನ ನೆನಪಿನಲ್ಲಿರುವ ಒಂದು ಹಣ್ಣನ್ನು ಆಧರಿಸಿ. ಮದ್ಯಸಾರವನ್ನು ಉಪಕರಣ ಅಳೆದೀತು, ಪರಿಮಳವನ್ನು ಅಳೆಯಲು ಮೂಲವನ್ನು ಬಲ್ಲ ಮೂಗು ಬೇಕು. ರಸಬಾಳೆಯ ಹೆಸರಿನಲ್ಲಿ ಬೇರೆ ಹಣ್ಣು ಕೈಗಿತ್ತರೆ ‘ಇದಲ್ಲ’ ಎಂದು ಹೇಳಬಲ್ಲವರು ನಂಜನಗೂಡು ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಸೋಂಕಿಲ್ಲದ ನೆಲವನ್ನು ಹುಡುಕಿ ಬಾಳೆಯ ಕಂದು ಊರಬೇಕಾಗಿದೆ. ಹೆಸರನ್ನು ಕಾನೂನು ಕಾಯಬಹುದು. ಹಣ್ಣನ್ನು ಕಾಯಬೇಕಾದವರು ಬೆಳೆಯುವವರು ಮತ್ತು ತಿಂದು ಬಲ್ಲವರು.