ಐದಿಂಚು ನೀರು ಮತ್ತು ಸೋಮವಾರದ ಒಪ್ಪತ್ತು

1942ರಲ್ಲಿ ಇಂಗ್ಲೆಂಡಿನ ಅರಮನೆಯ ಸ್ನಾನದ ತೊಟ್ಟಿಗಳಿಗೂ ಒಂದು ಗೆರೆ ಬಿತ್ತು. ತಳದಿಂದ ಐದಿಂಚು ಎತ್ತರಕ್ಕೆ. ಬಿಸಿನೀರು ಅಲ್ಲಿವರೆಗೆ ಮಾತ್ರ, ಅದಕ್ಕಿಂತ ಮೇಲೆ ತುಂಬಿಸುವ ಹಾಗಿಲ್ಲ. ಯುದ್ಧದ ಕಾಲ, ಕಲ್ಲಿದ್ದಲು ಉಳಿಸಬೇಕಿತ್ತು. ಆ ವರ್ಷ ಅತಿಥಿಯಾಗಿ ಹೋಗಿದ್ದ ಅಮೆರಿಕದ ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಆ ಗೆರೆಯನ್ನು ಕಣ್ಣಾರೆ ಕಂಡು ಬಂದರು.

ನನಗೆ ಈ ಗೆರೆ ಬಹಳ ಇಷ್ಟ. ಉಳಿತಾಯದ ಬಗ್ಗೆ ಉಪದೇಶ ಮಾಡೋರು ಎಷ್ಟು ಕಡಿಮೆ ಮಾಡಬೇಕು ಅಂತ ಹೇಳ್ತಾರೆ, ಎಲ್ಲಿಗೆ ನಿಲ್ಲಿಸಬೇಕು ಅಂತ ಹೇಳಲ್ಲ. ಐದಿಂಚಿನ ಗೆರೆ ಎರಡನ್ನೂ ಹೇಳುತ್ತೆ. ಇದಕ್ಕಿಂತ ಹೆಚ್ಚು ಬೇಡ. ಹಾಗೇ, ಇಷ್ಟು ಬಳಸಿದರೆ ತಪ್ಪಿಲ್ಲ. ನಮ್ಮ ಮನೆಗಳಲ್ಲಿ ಎರಡನೇ ಮಾತು ಕೇಳಿಸಿದ್ದು ಕಡಿಮೆ.

ಬ್ರಿಟನ್ನಿನಲ್ಲಿ ರೇಷನ್ 1940ರ ಜನವರಿಯಲ್ಲಿ ಶುರುವಾಗಿ 1954ರ ಜುಲೈವರೆಗೂ ನಡೆಯಿತು. ಹದಿನಾಲ್ಕು ವರ್ಷ! ಬೆಣ್ಣೆ, ಸಕ್ಕರೆ, ಮಾಂಸ, ಬಟ್ಟೆ, ಸೋಪು, ಎಲ್ಲಕ್ಕೂ ಕೂಪನ್ನು. ಹಳೇ ಕೋಟು ಬಿಚ್ಚಿ ಮಕ್ಕಳಿಗೆ ಅಂಗಿ ಹೊಲಿಯೋದನ್ನು ಸರ್ಕಾರವೇ ಕರಪತ್ರ ಹಂಚಿ ಹೇಳಿಕೊಡುತ್ತಿತ್ತು. ಜನ ಗೊಣಗಿದರು, ಕಳ್ಳಸಂತೆಯೂ ನಡೆಯಿತು. ಆದರೂ ವ್ಯವಸ್ಥೆ ಮುರಿದು ಬೀಳಲಿಲ್ಲ. ಯಾಕಂದ್ರೆ ಅದು ಮೇಲಿಂದ ಬರೀ ಕಡಿತ ಹಾಕಲಿಲ್ಲ, ಕೆಳಗಿನಿಂದ ಒಂದು ಖಾತ್ರಿಯನ್ನೂ ಕೊಟ್ಟಿತ್ತು. ಮಕ್ಕಳಿಗೆ, ಬಸುರಿಯರಿಗೆ ಹಾಲು ಕಡಿಮೆ ಮಾಡಲಿಲ್ಲ, ಹೆಚ್ಚೇ ಕೊಟ್ಟರು.

ಅದೇ 1942ರಲ್ಲಿ ನಮ್ಮ ಕಡೆ ಏನಾಯ್ತು ನೋಡಿ. ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿದ್ದೇ ಆ ಯುದ್ಧಕಾಲದ ಅಕ್ಕಿಯ ಬರದಲ್ಲಿ ಅಂತ ಹೇಳಿಕೊಳ್ಳುತ್ತಾರೆ. ಅಕ್ಕಿ ಇಲ್ಲ, ರವೆ ಇದೆ, ಮಾಡೋಣ ನೋಡೋಣ ಅಂದ ಅಡುಗೆಮನೆಯ ಜಾಣತನ ಅದು. ಇವತ್ತು ಅದನ್ನ ಬಡತನದ ತಿಂಡಿ ಅಂತ ಯಾರೂ ತಿನ್ನಲ್ಲ, ರುಚಿಗೆ ತಿಂತಾರೆ. ಒಳ್ಳೆಯ ಮಿತವ್ಯಯದ ಗುರುತು ಅದೇ ಅನ್ಸುತ್ತೆ ನನಗೆ. ಕಷ್ಟ ಕಳೆದ ಮೇಲೂ ಅದು ಉಳಿಯುತ್ತೆ.

ಮರುವರ್ಷ, 1943ರಲ್ಲಿ, ಬಂಗಾಳ. ಅಲ್ಲಿ ಸತ್ತವರ ಲೆಕ್ಕವನ್ನು ಇತಿಹಾಸಕಾರರು ಇಪ್ಪತ್ತರಿಂದ ಮೂವತ್ತು ಲಕ್ಷ ಅಂತ ಹಾಕ್ತಾರೆ. ಅಲ್ಲಿ ‘ಉಳಿತಾಯ’ ಅನ್ನೋ ಪದಕ್ಕೆ ಅರ್ಥವೇ ಇರಲಿಲ್ಲ. ಉಳಿಸೋಕೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಅಕ್ಕಿಯ ಬೆಲೆ ಕೈಗೆಟುಕದಷ್ಟು ಏರಿದಾಗ ಕೂಲಿಯವನು ಗಂಜಿಯನ್ನು ತೆಳ್ಳಗೆ ಮಾಡಿಕೊಂಡರೆ ಅದು ಮಿತವ್ಯಯವಲ್ಲ, ಹಸಿವು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೊಗಳುವ ಅಭ್ಯಾಸ ನಮಗಿದೆ. ಬಡವರು ಎಷ್ಟು ಕಡಿಮೆಯಲ್ಲಿ ಸುಖವಾಗಿದ್ದಾರೆ ನೋಡಿ ಅಂತ ಹೊಟ್ಟೆ ತುಂಬಿದವರು ಹೇಳೋದನ್ನ ಕೇಳಿಲ್ವಾ?

ಮುಂದಿನದು 1965. ಪಾಕಿಸ್ತಾನದ ಜೊತೆ ಯುದ್ಧ, ಮೇಲಿಂದ ಮಳೆ ಕೈಕೊಟ್ಟಿದೆ. ಅಮೆರಿಕದ ಪಿಎಲ್-480 ಗೋಧಿ ಹಡಗಿನಲ್ಲಿ ಬಂದರೆ ಮಾತ್ರ ರೇಷನ್ ಅಂಗಡಿ ಬಾಗಿಲು ತೆರೆಯುವ ಸ್ಥಿತಿ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಸೋಮವಾರ ರಾತ್ರಿಯ ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲೇ ಮಾಡಿ ನೋಡಿ ಆಮೇಲೆ ಹೇಳಿದರು ಅಂತಲೂ ಹೇಳ್ತಾರೆ. ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಮರುವರ್ಷ, 1966ರಲ್ಲಿ, ದೇಶ ಹೊರಗಿನಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್.

ಮೈಸೂರು ರಾಜ್ಯದ ಎಷ್ಟೋ ಮನೆಗಳಿಗೆ ಸೋಮವಾರದ ಒಪ್ಪತ್ತು ಹೊಸದೇನಲ್ಲ. ಶಿವನ ಹೆಸರಲ್ಲಿ ಮೊದಲಿಂದಲೂ ಇತ್ತು. ನಮ್ಮಜ್ಜಿಯೂ ಮಾಡುತ್ತಿದ್ದರು. ಶಾಸ್ತ್ರಿ ಹೇಳಿದ ಮೇಲೆ ಅದಕ್ಕೆ ದೇಶದ ಕಾರಣವೂ ಸೇರಿತು ಅಷ್ಟೇ. ಆ ಕಾಲದ ಮಾತು ಬಂದಾಗೆಲ್ಲ ಅಜ್ಜಿ ರೇಷನ್ನಿನ ಕೆಂಪು ಜೋಳದ ಕಥೆ ಹೇಳೋರು. ಅಮೆರಿಕದ ಜೋಳ, ರೊಟ್ಟಿ ತಟ್ಟಿದರೆ ಅಂಚೆಲ್ಲ ಬಿರುಕು, ಅಗಿದಷ್ಟೂ ಮುಗಿಯದು. ಹೇಳ್ತಾ ಹೇಳ್ತಾ ನಗೋರು.

ಆ ಕಥೆಯಲ್ಲಿ ನಾನು ಗಮನಿಸಿದ್ದು ಬೇರೆ ಒಂದು ಸಂಗತಿ. ಅಜ್ಜಿ ಯಾವತ್ತೂ ಎಲ್ಲರಿಗೂ ಬಡಿಸಿ ಕೊನೆಗೆ ಕೂರೋರು. ಅನ್ನ ಕಮ್ಮಿ ಬಿದ್ದರೆ ಯಾರ ಎಲೆಯಲ್ಲಿ ಕಮ್ಮಿ ಬಿತ್ತು ಅಂತ ಬೇರೆ ಹೇಳಬೇಕಿಲ್ಲ. ತಾತನಿಗೂ ಮಕ್ಕಳಿಗೂ ವಾರಕ್ಕೊಂದು ಒಪ್ಪತ್ತು, ಅಜ್ಜಿಗೆ ಎಷ್ಟು ಅಂತ ಯಾರೂ ಎಣಿಸಲಿಲ್ಲ. ‘ಅವಳು ಮನೆ ಎಷ್ಟು ಹಿಡಿತವಾಗಿ ನಡೆಸಿದಳು’ ಅಂತ ಬಂಧುಗಳು ಈಗಲೂ ಹೊಗಳುತ್ತಾರೆ. ಆ ಹಿಡಿತದ ಬಹುಪಾಲು ಅವರ ಹೊಟ್ಟೆಯಿಂದ ಬಂದದ್ದು. ಮನೆ ಖರ್ಚಿನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹಸಿವು ಮನುಷ್ಯನಿಗೆ ಏನು ಮಾಡುತ್ತೆ ಅನ್ನೋದಕ್ಕೆ ಒಂದು ಲೆಕ್ಕವೂ ಇದೆ. 1944ರ ಕೊನೆಯಿಂದ 1945ರವರೆಗೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲ್ಲ ಎಂದ 36 ಜನ ಗಟ್ಟಿಮುಟ್ಟಾದ ಯುವಕರು ತಾವಾಗಿ ಒಪ್ಪಿಕೊಂಡು ಬಂದಿದ್ದರು. 24 ವಾರ ಅವರಿಗೆ ಅರೆಹೊಟ್ಟೆಯ ಊಟ. ತೂಕದಲ್ಲಿ ಕಾಲು ಭಾಗ ಇಳಿಯಿತು. ಅದು ನಿರೀಕ್ಷಿತವೇ. ಅಚ್ಚರಿಯೆಂದರೆ ಮನಸ್ಸಿನ ಪಾಡು. ಅವರಿಗೆ ಓದು, ರಾಜಕೀಯ, ಗೆಳೆತನ ಯಾವುದೂ ಬೇಡವಾಯ್ತು. ಕೆಲವರು ಅಡುಗೆ ಪುಸ್ತಕ ಸಂಗ್ರಹಿಸತೊಡಗಿದರು. ತಟ್ಟೆ ನೆಕ್ಕಿದರು. ಸಣ್ಣದಕ್ಕೆ ಸಿಡುಕಿದರು. ಕೊರತೆ ಒಂದು ಮಿತಿ ದಾಟಿದರೆ ಮನುಷ್ಯ ದೊಡ್ಡವನಾಗಲ್ಲ, ಅವನ ಲೋಕ ತಟ್ಟೆಯಷ್ಟಕ್ಕೆ ಸಣ್ಣದಾಗುತ್ತೆ. ದಿನವಿಡೀ ಕಾಸಿನ ಲೆಕ್ಕದಲ್ಲೇ ಇರೋರನ್ನ ನೋಡಿದಾಗಲೂ ನನಗೆ ಇದೇ ನೆನಪಾಗುತ್ತೆ.

ಮಿತವ್ಯಯ ಅಂದರೆ ಗಾಂಧಿ ಬರಲೇಬೇಕಲ್ಲ. ಲಂಡನ್ನಿನಲ್ಲಿ ಓದುವಾಗ ಒಂದೇ ಕೋಣೆಗೆ ಬಂದು, ಸ್ಟೌವ್ ಕೊಂಡು, ಓಟ್ಸ್ ಗಂಜಿ ಮತ್ತು ಕೋಕೋ ಕಾಸಿಕೊಂಡು ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ನಲ್ಲಿ ಬದುಕಿದ ಲೆಕ್ಕವನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಅಗಸನ ಖರ್ಚು ಉಳಿಸಲು ಕಾಲರಿಗೆ ತಾವೇ ಗಂಜಿ ಹಾಕಿದ್ದು, ಕೋರ್ಟಿನಲ್ಲಿ ಅದು ಉದುರಿ ವಕೀಲರೆಲ್ಲ ನಕ್ಕದ್ದು, ಅದೂ ಇದೆ. ಈ ಕಥೆಗಳು ಚೆಂದ. ನಗೆಪಾಟಲಿಗೆ ಬಿದ್ದವರು ಅವರೊಬ್ಬರೇ.

ಆದರೆ 1901ರ ಕಥೆ ಬೇರೆ. ಭಾರತಕ್ಕೆ ಹೊರಟಾಗ ಅಲ್ಲಿನ ಜನ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಲ್ಲಿ ಕಸ್ತೂರಬಾ ಹೆಸರಿಗೆ ಒಂದು ಚಿನ್ನದ ಸರವೂ ಇತ್ತು. ಎಲ್ಲವನ್ನೂ ಹಿಂದಿರುಗಿಸಿ ಸಾರ್ವಜನಿಕ ನಿಧಿ ಮಾಡಬೇಕೆಂದು ಗಾಂಧಿ ನಿಶ್ಚಯಿಸಿದರು. ಮೊದಲು ಮಕ್ಕಳನ್ನು ಒಪ್ಪಿಸಿದರು. ಕಸ್ತೂರಬಾ ಒಪ್ಪಲಿಲ್ಲ, ಅತ್ತರು, ವಾದಿಸಿದರು. ನನಗೆ ಬಂದದ್ದರ ಮೇಲೆ ನಿಮಗೇನು ಹಕ್ಕು, ನಿಮ್ಮ ಸೇವೆಯ ಹಿಂದೆ ನನ್ನ ದುಡಿಮೆ ಇಲ್ಲವೇ ಅನ್ನೋದು ಅವರ ವಾದದ ಸಾರ. ಕೊನೆಗೆ ಸರ ಹೋಯಿತು. ಗಾಂಧಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ, ಅದು ಅವರ ದೊಡ್ಡತನ. ಆದರೆ ಓದಿದಾಗೆಲ್ಲ ನನ್ನ ಮತ ಕಸ್ತೂರಬಾಗೇ. ನಾನು ಬಿಟ್ಟರೆ ಅದು ತ್ಯಾಗ. ಇನ್ನೊಬ್ಬರಿಂದ ಬಿಡಿಸಿದರೆ ಅದಕ್ಕೆ ಬೇರೆ ಹೆಸರು ಬೇಕು.

ಅಗ್ಗದ ಇನ್ನೊಂದು ಮುಖ ಕೇಸರಿ ಬೇಳೆ. ಮಳೆ ಇಲ್ಲದಿದ್ದರೂ ಬೆಳೆಯುತ್ತೆ, ಬೆಲೆ ಕಮ್ಮಿ. ಮಧ್ಯಪ್ರದೇಶದ ರೀವಾ ಕಡೆ ಜೀತದಾಳುಗಳಿಗೆ ಕೂಲಿಯಾಗಿಯೇ ಅದನ್ನು ಕೊಡುತ್ತಿದ್ದರು. ತಿಂಗಳುಗಟ್ಟಲೆ ಅದನ್ನೇ ಮುಖ್ಯ ಊಟ ಮಾಡಿದವರ ಕಾಲು ಸೆಟೆದು, ಕೋಲಿಲ್ಲದೆ ನಡೆಯದಂತಾಯ್ತು. 1961ರಲ್ಲಿ ಅದರ ಮಾರಾಟಕ್ಕೆ ನಿಷೇಧ ಬಂತು. ಅಗ್ಗ ಸಿಕ್ಕಿತು ಅಂದಾಗ ಬಾಕಿ ಹಣ ಯಾರ ಮೈಯಿಂದ ವಸೂಲಾಗ್ತಿದೆ ಅಂತ ಕೇಳಬೇಕು ಅನ್ನೋದು ಇದಕ್ಕೇ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಮನೆಗೂ ನಾನು ಕೆಲವು ಗೆರೆ ಎಳ್ಕೊಂಡಿದೀನಿ. ಹೀರೇಕಾಯಿ ಸಿಪ್ಪೆ ಬಿಸಾಡಲ್ಲ, ಚಟ್ನಿ ಆಗುತ್ತೆ. ರಾತ್ರಿಯ ಅನ್ನ ಬೆಳಿಗ್ಗೆ ಚಿತ್ರಾನ್ನ. ಹಳೇ ಸೀರೆಗಳು ಉತ್ತರ ಕರ್ನಾಟಕದ ಗೆಳತಿಯ ಕೈಗೆ ಹೋಗಿ ಕೌದಿಯಾಗಿ ಬರ್ತವೆ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಇದ್ಯಾವುದೂ ನನಗೆ ಕಷ್ಟ ಅನ್ಸಲ್ಲ, ಸಂತೋಷಾನೇ.

ಆದರೆ ಹಾಲಿಗೆ ನೀರು ಬೆರೆಸಲ್ಲ. ಕರಿದ ಎಣ್ಣೆಯನ್ನ ಮತ್ತೆ ಮತ್ತೆ ಕಾಸಲ್ಲ. ಕನ್ನಡಕದ ನಂಬರ್ ಬದಲಾದರೆ ಮುಂದಿನ ತಿಂಗಳು ನೋಡೋಣ ಅನ್ನಲ್ಲ. ಓದೋರ ತಲೆ ಮೇಲಿನ ದೀಪ ಆರಿಸಲ್ಲ. ಮಾತ್ರೆಯನ್ನ ಅರ್ಧ ಮಾಡಿ ಎರಡು ದಿನಕ್ಕೆ ಬರಿಸಲ್ಲ. ಮನೆಕೆಲಸಕ್ಕೆ ಬರೋರ ಸಂಬಳದಲ್ಲಿ, ಸೊಪ್ಪಿನವಳ ಕಟ್ಟಿನಲ್ಲಿ ಉಳಿತಾಯ ಹುಡುಕಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡು ರೂಪಾಯಿಗೆ ಬಿಸಿಲಲ್ಲಿ ಕೂತವಳ ಜೊತೆ ಹತ್ತು ನಿಮಿಷ ಜಗಳ ಆಡೋದು ಆ ಅಡಿಕೆಯೇ.

ಮತ್ತೆ ಇನ್ನೊಂದು. ನಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರೋದು. ಪಾತ್ರೆಗಳು ನಡುವೆ, ಬೇಕಾದವರು ಬಡಿಸಿಕೊಳ್ಳೋದು. ಏನಾದರೂ ಕಮ್ಮಿ ಬಿದ್ದರೆ ಎಲ್ಲರಿಗೂ ಕಾಣುತ್ತೆ, ಎಲ್ಲರ ತಟ್ಟೆಯಲ್ಲೂ ಕಮ್ಮಿ ಬೀಳುತ್ತೆ. ನಿಮ್ಮನೆಯಲ್ಲಿ ಕೊನೆಗೆ ಕೂರೋರು ಯಾರು ಅಂತ ಒಮ್ಮೆ ನೋಡಿ. ಉಳಿತಾಯದ ಲೆಕ್ಕ ಅಲ್ಲಿಂದ ಶುರು ಮಾಡೋದು ಒಳ್ಳೇದು.