ಸಂದರ್ಶನವೆಂಬ ಆಕರ: ಒರಿಯಾನಾ ಫಲ್ಲಾಚಿಯವರ ನಾಲ್ಕು ಪ್ರಸಂಗಗಳು

ಶಾಸನ, ಕಡತ, ದಿನಚರಿ, ಪತ್ರವ್ಯವಹಾರ ಇವುಗಳನ್ನು ಪರೀಕ್ಷಿಸುವ ಕ್ರಮವನ್ನು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿಯೇ ಕಲಿಯುತ್ತಾರೆ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಸಂದರ್ಶನವನ್ನು, ಅದು ಪ್ರಶ್ನೋತ್ತರ ರೂಪದಲ್ಲಿದೆಯೆಂಬ ಒಂದೇ ಕಾರಣದಿಂದ, ಹೇಳಿದವರ ಬಾಯಿಮಾತೆಂದೇ ಸ್ವೀಕರಿಸಿಬಿಡುವುದನ್ನು ನಾವು ಕಾಣುತ್ತೇವೆ. ಈ ವಿಶ್ವಾಸವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಿಚಾರಿಸಲು ಇಟಲಿಯ ಪತ್ರಕರ್ತೆ ಒರಿಯಾನಾ ಫಲ್ಲಾಚಿಯವರ ವೃತ್ತಿಜೀವನವನ್ನು ಆರಿಸಿಕೊಂಡಿದ್ದೇವೆ.

ಫಲ್ಲಾಚಿ 1929ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಫ್ಯಾಸಿಸ್ಟ್ ವಿರೋಧಿ ಹೋರಾಟದಲ್ಲಿ ಪಾಲುಗೊಂಡು, ಮುಂದೆ 'ಲೆಯುರೊಪೇಯೊ' ಎಂಬ ವಾರಪತ್ರಿಕೆಗೆ ಬಹುಕಾಲ ದುಡಿದರು. ಮೊದಮೊದಲು ಬರೆದದ್ದು ಚಲನಚಿತ್ರ ತಾರೆಯರನ್ನು ಕುರಿತು. ಅನಂತರ ವಿಯೆಟ್ನಾಂ ಯುದ್ಧಭೂಮಿಯಿಂದ. ರಾಷ್ಟ್ರನಾಯಕರೊಡನೆ ನಡೆಸಿದ ಸಂದರ್ಶನಗಳು 1974ರಲ್ಲಿ 'ಇತಿಹಾಸದೊಡನೆ ಸಂದರ್ಶನ' ಎಂಬರ್ಥದ ಹೆಸರಿನಿಂದ ಗ್ರಂಥರೂಪ ತಾಳಿದುವು. ದೀರ್ಘವಾದ ಸಂಭಾಷಣೆಯನ್ನು ಸಾಧ್ಯವಾದಲ್ಲೆಲ್ಲ ಧ್ವನಿಮುದ್ರಿಸಿಕೊಂಡು, ಬಳಿಕ ಅದನ್ನು ಪ್ರಶ್ನೋತ್ತರವಾಗಿ ಅಳವಡಿಸಿ, ತಮ್ಮ ಒಲವು ತಿರಸ್ಕಾರಗಳನ್ನು ಮುಚ್ಚಿಡದ ಮುನ್ನುಡಿಯೊಂದನ್ನು ಸೇರಿಸುವುದು ಆಕೆಯ ರೀತಿ. ತಟಸ್ಥರೆಂದು ಆಕೆ ಎಂದೂ ಹೇಳಿಕೊಂಡವರಲ್ಲ.

1969ರಲ್ಲಿ ಹನೋಯ್‌ನಲ್ಲಿ ಜನರಲ್ ಜಾಪ್ ಅವರನ್ನು ಕಂಡಾಗಿನ ಪ್ರಸಂಗ ಗ್ರಂಥಸಂಪಾದಕರಿಗೆ ಪ್ರಿಯವಾಗುವಂಥದು. ತಮ್ಮ ಕಡೆ ಐದು ಲಕ್ಷ ಯೋಧರು ಸತ್ತಿದ್ದಾರೆಂಬ ಅಮೆರಿಕನ್ನರ ಲೆಕ್ಕವನ್ನು ಜಾಪ್ ಅಲ್ಲಗಳೆಯದೆ ಒಪ್ಪಿಕೊಂಡರು. ತರುವಾಯ ಅವರ ಕಡೆಯಿಂದ ಬೆರಳಚ್ಚಿನ ಮೂರು ಹಾಳೆಗಳು ಬಂದುವು. ಪ್ರಕಟಿಸತಕ್ಕದ್ದು ಇದನ್ನು ಮಾತ್ರವೆಂದು ಸೂಚನೆ. ಫಲ್ಲಾಚಿ ತಮ್ಮ ಟಿಪ್ಪಣಿಯ ಪಾಠವನ್ನೂ ಆ ಹಾಳೆಗಳನ್ನೂ ಜೊತೆಜೊತೆಯಾಗಿ ಅಚ್ಚುಹಾಕಿಸಿದರು. ಓಲೆಗರಿಯ ಪಾಠಾಂತರಗಳನ್ನು ಕೊಡುವ ಸಂಪಾದಕನು ಮಾಡುವ ಕೆಲಸವೂ ಇದೇ ಅಲ್ಲವೆ?

ಈ ಸಂದರ್ಶನವನ್ನು ಓದಿದ್ದರಿಂದಲೇ ಹೆನ್ರಿ ಕಿಸಿಂಜರ್ ತಮ್ಮನ್ನು ಭೇಟಿಯಾಗಲು ಒಪ್ಪಿದರೆಂದು ಫಲ್ಲಾಚಿ ಬರೆದಿದ್ದಾರೆ. ಅದು 1972ರ ನವೆಂಬರ್. ಪ್ಯಾರಿಸ್ ಸಂಧಾನವು ನಿರ್ಣಾಯಕ ಘಟ್ಟ ಮುಟ್ಟಿದ್ದ ಕಾಲ. ತಮ್ಮ ಜನಪ್ರಿಯತೆಯ ಕಾರಣವನ್ನು ಕೇಳಿದಾಗ ಕಿಸಿಂಜರ್, ಬಂಡಿಗಳ ಸಾಲಿನ ಮುಂದೆ ಒಂಟಿಯಾಗಿ ಕುದುರೆಯೇರಿ ನಡೆಯುವ ಕೌಬಾಯ್‌ಗೆ ತಮ್ಮನ್ನು ಹೋಲಿಸಿಕೊಂಡರು. ಯುದ್ಧವು ನಿರರ್ಥಕವೆಂಬ ಮಾತಿಗೂ ಸಮ್ಮತಿಸಿದರು. ನಿಕ್ಸನ್‌ರ ಸೇವಕನಾಗಿದ್ದವರ ಬಾಯಲ್ಲಿ ಈ ಒಂಟಿ ಸವಾರನ ಚಿತ್ರ ಎಷ್ಟು ಅನುಚಿತವೆಂಬುದನ್ನು ವಿವರಿಸಬೇಕಾಗಿಲ್ಲ. 1979ರ ಆತ್ಮವೃತ್ತಾಂತದಲ್ಲಿ ಅವರು, ಪತ್ರಕರ್ತರೊಡನೆ ತಾವು ನಡೆಸಿದ ಮಾತುಕತೆಗಳಲ್ಲೆಲ್ಲ ಇದೇ ಅತ್ಯಂತ ಅನಾಹುತಕಾರಿಯಾದದ್ದೆಂದು ಬರೆದರು. ಒಪ್ಪಿದ್ದಕ್ಕೆ ಅಹಂಭಾವವೇ ಮುಖ್ಯ ಕಾರಣವೆಂದರು. ಅಚ್ಚಾದ ಮಾತುಗಳ ಯಥಾರ್ಥತೆಯನ್ನೂ ಶಂಕಿಸಿದರು. ಫಲ್ಲಾಚಿ ತಮ್ಮಲ್ಲಿ ಧ್ವನಿಸುರುಳಿ ಇದೆಯೆಂದು ಪಟ್ಟುಹಿಡಿದರು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಮಾತು ನಿಜವಾಗಿ ಆಡಿದ್ದೇ ಎಂಬುದು ಒಂದು. ಅಚ್ಚಿನಲ್ಲಿ ಕಾಣುವ ಸ್ಥಾನದಲ್ಲಿ, ಆ ಪ್ರಶ್ನೆಗೇ ಉತ್ತರವಾಗಿ ಆಡಿದ್ದೇ ಎಂಬುದು ಇನ್ನೊಂದು. ಮೊದಲನೆಯದು ಸಿದ್ಧವಾದ ಮಾತ್ರಕ್ಕೆ ಎರಡನೆಯದು ಸಿದ್ಧವಾಗುವುದಿಲ್ಲ.

ಭಾರತಕ್ಕೆ ಸಂಬಂಧಿಸಿದ ಪ್ರಸಂಗವೂ ಅದೇ ವರ್ಷದ್ದು. ಇಂದಿರಾ ಗಾಂಧಿಯವರ ಸಂದರ್ಶನವನ್ನು ಓದಿದ ಜುಲ್ಫಿಕರ್ ಅಲಿ ಭುಟ್ಟೊ ಫಲ್ಲಾಚಿಯವರನ್ನು ಕರೆಸಿಕೊಂಡರು; ಇಂದಿರಾ ಅವರ ಬುದ್ಧಿಶಕ್ತಿಯನ್ನು ಕುರಿತು ಹಗುರವಾಗಿ ಮಾತನಾಡಿದರು. ಶಿಮ್ಲಾ ಒಪ್ಪಂದಕ್ಕೆ (2 ಜುಲೈ 1972) ಮೊದಲು ಈ ಮಾತುಗಳು ಹರಡಿ ಮುಜುಗರಕ್ಕೆ ಕಾರಣವಾದುವು. ಎಲ್ಲವೂ ತಮ್ಮ ಕಲ್ಪನೆಯೆಂದು ಸಾರಬೇಕೆಂದು ಪಾಕಿಸ್ತಾನದ ಪ್ರತಿನಿಧಿಯೊಬ್ಬರು ತಮ್ಮನ್ನು ಬೇಡಿಕೊಂಡರೆಂದು ಫಲ್ಲಾಚಿ ಬರೆದಿದ್ದಾರೆ. ಇದು ಆಕೆಯೊಬ್ಬರ ಹೇಳಿಕೆಯೆಂಬುದನ್ನು ಮರೆಯಬಾರದು.

ಆಕೆ 2006ರಲ್ಲಿ ನಿಧನರಾದರು. ಕೊನೆಯ ವರ್ಷಗಳಲ್ಲಿ ಇಸ್ಲಾಮನ್ನು ಕುರಿತು ಬರೆದ ಉಗ್ರ ಗ್ರಂಥಗಳು ಆಕೆಯ ಕೀರ್ತಿಯನ್ನು ಬಹಳವಾಗಿ ಕಲುಷಿತಗೊಳಿಸಿದುವು. ಅವು ಪ್ರಸ್ತುತ ವಿಷಯಕ್ಕೆ ಹೊರಗಿನವು.

1980ರ ಆಗಸ್ಟ್‌ನಲ್ಲಿ ಬೀಜಿಂಗಿನಲ್ಲಿ ಡೆಂಗ್ ಷಿಯಾವೊಪಿಂಗ್ ಅವರೊಡನೆ ಎರಡು ದಿನ ನಡೆದ ಸಂದರ್ಶನದ ಗತಿ ಮೇಲಿನ ಮೂರಕ್ಕೂ ವಿರುದ್ಧವಾದುದು. ತಿಯೆನಾನ್‌ಮೆನ್ ದ್ವಾರದ ಮೇಲಿನ ಮಾವೊ ಅವರ ಚಿತ್ರಪಟ ಶಾಶ್ವತವಾಗಿ ಉಳಿಯುವುದೆಂದೂ, ಅವರ ಸಾಧನೆಗಳು ಪ್ರಧಾನ, ತಪ್ಪುಗಳು ಗೌಣವೆಂದೂ ಡೆಂಗ್ ಹೇಳಿದರು. 1981ರ ಜೂನ್‌ನಲ್ಲಿ ಪಕ್ಷವು ಅಂಗೀಕರಿಸಿದ ಇತಿಹಾಸ ನಿರ್ಣಯದಲ್ಲಿ ಇದೇ ತೀರ್ಮಾನವಿದೆ. ಇಲ್ಲಿ ಸಂದರ್ಶನವನ್ನು ಯಾರೂ ನಿರಾಕರಿಸಲಿಲ್ಲ; ಅದು ಡೆಂಗ್ ಅವರ 'ಆಯ್ದ ಕೃತಿಗಳ'ಲ್ಲಿಯೇ ಸೇರಿತು. ಆ ಪಾಠವನ್ನು ಫಲ್ಲಾಚಿ ಪ್ರಕಟಿಸಿದ ಪಾಠದೊಡನೆ ಸಾಲುಸಾಲಾಗಿ ಹೋಲಿಸುವ ಕಾರ್ಯವನ್ನು ಚೀನೀ, ಇಟಾಲಿಯನ್ ಎರಡನ್ನೂ ಬಲ್ಲ ಸಂಶೋಧಕರು ಕೈಗೊಂಡರೆ ನಮ್ಮಂಥವರಿಗೆ ಉಪಕಾರವಾದೀತು.