ತಾರೆಯೂ ಲೋಕೇಶ್ವರನೂ

ಬೌದ್ಧಮತವೆಂದೊಡನೆ ಶೂನ್ಯವಾದ, ಕ್ಷಣಿಕವಾದ, ನಿರ್ವಾಣ ಇವೇ ವಿದ್ವಾಂಸರ ನೆನಪಿಗೆ ಮೊದಲು ಬರುವುವು. ಆದರೆ ಯಾವ ಮತವೂ ಕೇವಲ ತರ್ಕದಿಂದ ಬಾಳಲಾರದು. ಹೊಲವನ್ನು ಉಳುವವನಿಗೂ, ಹೇರೆತ್ತುಗಳೊಡನೆ ನಾಡಿನಿಂದ ನಾಡಿಗೆ ಅಲೆಯುವ ಸೆಟ್ಟಿಗೂ, ಮಗುವಿನ ಜ್ವರಕ್ಕೆ ಕಂಗೆಟ್ಟ ತಾಯಿಗೂ ಕೈಮುಗಿದು ಕರೆಯಲು ಒಂದು ಹೆಸರು ಬೇಕು. ಮಹಾಯಾನದಲ್ಲಿ ಆ ಹೆಸರನ್ನು ಒದಗಿಸಿದವರು ಬೋಧಿಸತ್ತ್ವರು.

ಬೋಧಿಯೆಂದರೆ ಪರಮಜ್ಞಾನ, ಅದರಲ್ಲಿಯೇ ನೆಟ್ಟ ಮನಸ್ಸುಳ್ಳವನು ಬೋಧಿಸತ್ತ್ವನು. ಮೊದಲು ಈ ಶಬ್ದವು ಬುದ್ಧತ್ವವನ್ನು ಪಡೆಯುವುದಕ್ಕೆ ಮುಂಚಿನ ಗೌತಮನಿಗೂ ಅವನ ಪೂರ್ವಜನ್ಮಗಳಿಗೂ ಸಲ್ಲುತ್ತಿತ್ತು. ಮಹಾಯಾನಿಗಳಾದರೋ, ಸಕಲ ಪ್ರಾಣಿಗಳನ್ನೂ ದಾಟಿಸುವವರೆಗೆ ತಾವು ಸಂಸಾರವನ್ನು ಬಿಡೆವೆಂದು ಪ್ರತಿಜ್ಞೆಗೈದ ಮಹಾತ್ಮರನೇಕರನ್ನು ಈ ಹೆಸರಿನಿಂದ ಕರೆದರು. ಪರಿನಿರ್ವಾಣವನ್ನೈದಿದ ಬುದ್ಧನು ಪೂಜ್ಯನು, ಅನುಸರಣೀಯನು; ಆದರೆ ಆಪತ್ಕಾಲದಲ್ಲಿ ಕೂಗಿಗೆ ಓಗೊಡುವವನು ಸಂಸಾರದಲ್ಲಿಯೇ ನಿಂತವನಾಗಿರಬೇಕಷ್ಟೆ.

ಅವರೊಳಗೆ ಅವಲೋಕಿತೇಶ್ವರನು ಮುಖ್ಯನು, ಲೋಕೇಶ್ವರನೆಂದರೂ ಅವನೇ. ಬೆಂಕಿ, ಪ್ರವಾಹ, ಸೆರೆಮನೆ, ದಾರಿಗಳ್ಳರು ಇವುಗಳ ನಡುವೆ ಅವನ ನಾಮವನ್ನು ಸ್ಮರಿಸಿದವನು ಪಾರಾಗುವನೆಂದು ಸದ್ಧರ್ಮಪುಂಡರೀಕ ಸೂತ್ರವು ಹೇಳುವುದು. ಚೀನದ ಯಾತ್ರಿಕ ಫಾಹಿಯಾನನು 5ನೆಯ ಶತಮಾನದ ಆದಿಯಲ್ಲಿ ಸಿಂಹಳದಿಂದ ಹಡಗೇರಿ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿ ಅವನನ್ನೇ ಧ್ಯಾನಿಸಿದನು. ಔರಂಗಾಬಾದಿನ ಗುಹೆಯಲ್ಲಿ ನಡುವೆ ನಿಂತ ಅವಲೋಕಿತೇಶ್ವರನ ಇಕ್ಕೆಲಗಳಲ್ಲಿಯೂ ಆಪತ್ತಿಗೆ ಸಿಕ್ಕ ಜನರನ್ನು ಸಾಲುಸಾಲಾಗಿ ಕೆತ್ತಿರುವರು. ದಖ್ಖನಿನ ಹೆದ್ದಾರಿಗಳಲ್ಲಿ ಸಂಚರಿಸಿದ ವರ್ತಕನಿಗೆ ಈ ಶಿಲ್ಪವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಕನ್ನಡನಾಡಿನಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. ಡಂಬಳದ, ಅಂದರೆ ಅಂದಿನ ಧರ್ಮವೊಳಲಿನ, ಕ್ರಿ. ಶ. 1095ರ ಶಾಸನವು ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬುದ್ಧವಿಹಾರವನ್ನೂ ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಆರ್ಯತಾರೆಯ ವಿಹಾರವನ್ನೂ ಕಟ್ಟಿಸಿದ್ದರು. ತಾರೆಯು ಅವಲೋಕಿತೇಶ್ವರನ ಕರುಣೆಯ ಸ್ತ್ರೀರೂಪ. ದಾಟಿಸುವವಳೆಂದೇ ಆ ಪದದ ಅರ್ಥ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಜಲ, ಪಿಶಾಚ ಇವುಗಳ ಭಯವನ್ನು ಶಮನಗೊಳಿಸುವವಳೆಂದು ಶಾಸನವು ಅವಳನ್ನು ಸ್ತುತಿಸುವುದು. ಈ ಎಂಟರಲ್ಲಿ ಬಹುಪಾಲು ದಾರಿಯ ಭಯಗಳೇ. ಅವಳ ವಿಹಾರವನ್ನು ಸೆಟ್ಟಿಯೇ ಕಟ್ಟಿಸಿದುದರಲ್ಲಿ ಆಶ್ಚರ್ಯವೇನು?

ಜನರ ಭಕ್ತಿಯು ಮತದ ಗಡಿಗಳನ್ನು ಎಣಿಸುತ್ತಿರಲಿಲ್ಲ. ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು ವಿಹಾರವನ್ನು ಕಟ್ಟಿಸಿದನು, ಕ್ರಿ. ಶ. 1065ರ ದತ್ತಿಯು ತಾರಾಭಗವತಿ, ಲೋಕೇಶ್ವರ, ಬುದ್ಧದೇವರೊಡನೆ ಕೇಶವನ ಪೂಜೆಗೂ ಸಲ್ಲುವಂತಿತ್ತು. ಅನ್ನದಾನವೂ ಅದರಲ್ಲಿ ಸೇರಿತ್ತು. ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದ ಆಳುಪರಾಜ ಕುಂದವರ್ಮನು ಪೀಠದ ಶಾಸನದಲ್ಲಿಯೇ ಚಂದ್ರಮೌಳಿಯ ಪಾದಕಮಲದ ದುಂಬಿಯೆಂದು ವರ್ಣಿತನಾಗಿರುವನು. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. 968 ಎಂದೆಣಿಸುವರು. ಮೂರು ಮೊಗ, ಆರು ಕೈಗಳ ಆ ಲೋಹಮೂರ್ತಿಯು ಇಂದಿಗೂ ಮಂಜುನಾಥನ ದೇವಾಲಯದಲ್ಲಿದೆ. ವಿಹಾರವು ಹೋಯಿತು, ಭಿಕ್ಷುಗಳು ಹೋದರು. ದೇವರು ಮಾತ್ರ ಉಳಿದನು.

ಇದನ್ನು ಮತದ ಅವನತಿಯೆಂದು ಹಳಿಯುವವರುಂಟು. ಬುದ್ಧನು ಬೋಧಿಸಿದ ಸ್ವಾವಲಂಬನೆಯೆಲ್ಲಿ, ಹಾವಿಗೆ ಹೆದರಿ ತಾರೆಯನ್ನು ಕರೆಯುವುದೆಲ್ಲಿ ಎಂಬುದು ಅವರ ಆಕ್ಷೇಪ. ಆದರೆ ಬೋಧಿಸತ್ತ್ವನ ಪ್ರತಿಜ್ಞೆಯು ಪಂಡಿತರನ್ನು ಮಾತ್ರ ಕುರಿತದ್ದಲ್ಲ. ಹೆದರಿದವನನ್ನು ಬಿಟ್ಟು ಸಕಲ ಪ್ರಾಣಿಗಳೆಂಬ ಮಾತಿಗೆ ಅರ್ಥವೆಲ್ಲಿಯದು? ರಕ್ಷಣೆಯನ್ನು ಬೇಡಿದವರೇ ಛತ್ರವನ್ನಿಟ್ಟು ಅನ್ನವನ್ನೂ ನೀಡಿದರು. ಪಡೆದ ಅಭಯವನ್ನು ಪರರಿಗೆ ಹಂಚುವುದನ್ನು ಆ ಪೂಜೆಯೇ ಕಲಿಸಿತೆನ್ನಬಹುದು.

1960ರಲ್ಲಿ ಟಿಬೆಟ್ಟಿನ ನಿರಾಶ್ರಿತರು ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಬಂದು ನೆಲಸಿದರು. ಜಪಮಣಿಯನ್ನೆಣಿಸುತ್ತ ಅವರು ಜಪಿಸುವ ಷಡಕ್ಷರಿಯು ಅವಲೋಕಿತೇಶ್ವರನದೇ. ಸ್ತುತಿಸುವ ತಾರೆಯೂ ಡಂಬಳದ ತಾರೆಯೇ. ಮನೆಮಠಗಳನ್ನು ಕಳೆದುಕೊಂಡು ಹಿಮಗಿರಿಗಳನ್ನು ದಾಟಿ ಬಂದ ಜನರಿಗೆ ದಾಟಿಸುವವಳ ಹೆಸರು ಬರಿಯ ಶಾಸ್ತ್ರದ ಮಾತಾಗಿರಲಾರದು.